ಸ್ಟಾಫರ್ಡ್ ಡೆಟ್ರಾಯಿಟ್ ಬಿಟ್ಟು ಹೋಗಬೇಕಾ, ಬೇಡವಾ?

ನೋವಿ_ಹಾಸನ | 24 ಜನವರಿ 2021

ನಿನ್ನೆಯಿಂದ ಮಿಶಿಗನ್‌ನ ನಮ್ಮ ವಾಟ್ಸ್ಯಾಪ್ ಗುಂಪುಗಳಲ್ಲೆಲ್ಲ ಇದೇ ಮಾತು. ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಡೆಟ್ರಾಯಿಟ್ ಲಯನ್ಸ್ ಮತ್ತು ಅದರ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಮ್ಯಾಥ್ಯೂ ಸ್ಟಾಫರ್ಡ್ ಬೇರೆಯಾಗಲು ಒಪ್ಪಿದ್ದಾರೆ. ಯಾವ ತಂಡಕ್ಕೆ ಟ್ರೇಡ್ ಮಾಡುತ್ತಾರೆ ಅನ್ನುವುದಷ್ಟೇ ಬಾಕಿ. ಗುಂಪಿನಲ್ಲಿ ಚರ್ಚೆ ಒಂದು ಕಡೆ ನಿಲ್ಲುವುದಿಲ್ಲ, ಮಧ್ಯೆ ಯಾರೋ ಸಂಕ್ರಾಂತಿ ಫೋಟೋ ಹಾಕುತ್ತಾರೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಅವನು ಹೋಗಬೇಕು. ಅವನ ಆಟವನ್ನು ಅಷ್ಟು ಇಷ್ಟಪಟ್ಟಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

2008ರಲ್ಲಿ ಲಯನ್ಸ್ 16 ಪಂದ್ಯ ಆಡಿ 16ನ್ನೂ ಸೋತಿತ್ತು. ಕೊನೆಯ ಸ್ಥಾನದ ತಂಡಕ್ಕೆ ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಆಟಗಾರರನ್ನು ಆರಿಸುವ ಸರದಿಯಲ್ಲಿ, ಮೊದಲ ಆಯ್ಕೆ ಸಿಗುತ್ತದೆ. ಹಾಗೆ 2009ರಲ್ಲಿ ಜಾರ್ಜಿಯಾ ಯೂನಿವರ್ಸಿಟಿಯಿಂದ 21ರ ಈ ಹುಡುಗ ಬಂದ. ಹನ್ನೆರಡು ಸೀಸನ್ ಆಡಿದ. 45,109 ಗಜ ಪಾಸಿಂಗ್ (ಎಸೆದು ಚೆಂಡು ಮುಂದೆ ಸಾಗಿಸಿದ ದೂರ), 282 ಟಚ್‌ಡೌನ್ (ಎದುರಾಳಿಯ ಕೊನೆ ಗೆರೆ ದಾಟಿಸಿ ಪಾಯಿಂಟ್ ಗಳಿಸುವುದು) ಪಾಸ್. 2011ರ ಒಂದೇ ಸೀಸನ್ನಿನಲ್ಲಿ 5,038 ಗಜ. ಪ್ಲೇಆಫ್‌ಗೆ ಮೂರು ಸಲ ಹೋದ, ಮೂರೂ ಸಲ ಮೊದಲ ಪಂದ್ಯದಲ್ಲೇ ವಾಪಸ್ ಬಂದ. ಲಯನ್ಸ್ ಕೊನೆಯದಾಗಿ ಒಂದು ಪ್ಲೇಆಫ್ ಪಂದ್ಯ ಗೆದ್ದಿದ್ದು 1992ರ ಜನವರಿಯಲ್ಲಿ. ಆಗ ಸ್ಟಾಫರ್ಡ್‌ಗೆ ನಾಲ್ಕು ವರ್ಷವೂ ತುಂಬಿರಲಿಲ್ಲ.

ಈಗ ಕೋಚ್ ಮ್ಯಾಟ್ ಪೆಟ್ರೀಷಿಯಾ ಹೋಗಿಯಾಯಿತು. ಡ್ಯಾನ್ ಕ್ಯಾಂಪ್‌ಬೆಲ್ ಬಂದಿದ್ದಾರೆ, ಜನರಲ್ ಮ್ಯಾನೇಜರ್ ಬ್ರ್ಯಾಡ್ ಹೋಮ್ಸ್ ಕೂಡ ಹೊಸಬರು. ಅಂದರೆ ತಂಡವನ್ನು ಮತ್ತೆ ಬುಡದಿಂದ ಕಟ್ಟುತ್ತಾರೆ. ಅದಕ್ಕೆ ಏನಿಲ್ಲ ಅಂದರೂ ಎರಡು ಮೂರು ವರ್ಷ ಬೇಕು. ಮುಂದಿನ ತಿಂಗಳು ಅವನಿಗೆ 33 ತುಂಬುತ್ತದೆ. ಅವನ ಉಳಿದ ಒಳ್ಳೆಯ ವರ್ಷಗಳನ್ನು ಇನ್ನೊಂದು ಕಟ್ಟೋಣಕ್ಕೆ ಕೇಳುವುದು ನ್ಯಾಯವಾ?

ಟ್ರಾಯ್_ತೀರ್ಥಹಳ್ಳಿ | 24 ಜನವರಿ 2021

ಅಣ್ಣ, ನಾನು ಒಪ್ಪುವುದಿಲ್ಲ. 2017ರಲ್ಲಿ ಐದು ವರ್ಷಕ್ಕೆ 13.5 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದ. ವರ್ಷದ ಸರಾಸರಿ ಲೆಕ್ಕದಲ್ಲಿ ಆಗ ಇಡೀ ಲೀಗಿನ ಚರಿತ್ರೆಯಲ್ಲೇ ಅದು ದೊಡ್ಡ ಒಪ್ಪಂದ. ದುಡ್ಡು ತೆಗೆದುಕೊಳ್ಳುವಾಗ ಈ ತಂಡ ಹೇಗಿದೆ ಅಂತ ಗೊತ್ತಿರಲಿಲ್ಲವಾ? ಅವನು ಹೋದರೂ ಆ ಒಪ್ಪಂದದ ಸುಮಾರು 1.9 ಕೋಟಿ ಡಾಲರ್ ಈ ವರ್ಷದ ಸಂಬಳ ಮಿತಿಯಲ್ಲಿ (ತಂಡ ಆಟಗಾರರ ಸಂಬಳಕ್ಕೆ ಒಟ್ಟು ಖರ್ಚು ಮಾಡಬಹುದಾದ ಮಿತಿ) ನಮ್ಮ ಲೆಕ್ಕಕ್ಕೇ ಬೀಳುತ್ತದೆ. ಆಟಗಾರ ಇರುವುದಿಲ್ಲ, ಖರ್ಚು ಮಾತ್ರ ಇರುತ್ತದೆ.

ಇನ್ನೊಂದು ಮಾತು. ಅವನು ಶುರುವಿನಿಂದ ಆಡಿದ ಪಂದ್ಯಗಳಲ್ಲಿ ನಮ್ಮ ದಾಖಲೆ 74 ಗೆಲುವು, 90 ಸೋಲು, 1 ಡ್ರಾ. ಎಲ್ಲ ತಪ್ಪೂ ಮ್ಯಾನೇಜ್‌ಮೆಂಟ್‌ದೇ ಅನ್ನುವುದು ಜಾಸ್ತಿ ಆಯಿತು. ಕ್ವಾರ್ಟರ್‌ಬ್ಯಾಕ್ ಗೆಲುವಿಗೆ ಹೊಗಳಿಸಿಕೊಳ್ಳುತ್ತಾನೆ ಅಂದಮೇಲೆ ಸೋಲಿನಲ್ಲೂ ಪಾಲಿರಬೇಕು.

ಕ್ಯಾಂಟನ್_ಅಕ್ಕ | 24 ಜನವರಿ 2021

ತೀರ್ಥಹಳ್ಳಿಯವರೇ, ಪಾಲು ಕೇಳುವ ಮೊದಲು 2009ರ ನವೆಂಬರ್ 22 ನೆನಪಿಸಿಕೊಳ್ಳಿ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎದುರು ಫೋರ್ಡ್ ಫೀಲ್ಡ್‌ನಲ್ಲಿ ಪಂದ್ಯ. ನಾವು 31-37 ಹಿಂದೆ. ಕೊನೆಯ ಕ್ಷಣದಲ್ಲಿ ಅವನು ಓಡಿ, ತಪ್ಪಿಸಿಕೊಂಡು, ದೂರಕ್ಕೆ ಎಸೆದ. ಎಸೆದ ತಕ್ಷಣ ದೊಡ್ಡ ಡಿಫೆಂಡರ್ ಬಂದು ನೆಲಕ್ಕೆ ಕೆಡವಿದ. ಎಡ ಭುಜ ಜಾಗ ತಪ್ಪಿತು. ಎದುರಾಳಿ ಫೌಲ್ ಮಾಡಿದ್ದರಿಂದ ಚೆಂಡು 1 ಗಜದ ಗೆರೆಗೆ ಬಂತು, ಗಡಿಯಾರದಲ್ಲಿ ಸೊನ್ನೆ, ಇನ್ನೊಂದೇ ಆಟ (ಚೆಂಡು ಮುಂದೆ ಒಯ್ಯುವ ಒಂದು ಪ್ರಯತ್ನ) ಬಾಕಿ. ಬದಲಿ ಆಟಗಾರ ಡಾಂಟೆ ಕಲ್ಪೆಪರ್ ಒಳಗೆ ಬಂದ. ಅಷ್ಟರಲ್ಲಿ ಬ್ರೌನ್ಸ್ ಟೈಮ್‌ಔಟ್ ಕೇಳಿತು. ಆ ಸಣ್ಣ ಸಂದಿಯಲ್ಲಿ ಈ ಹುಡುಗ ಡಾಕ್ಟರುಗಳ ಕೈ ಬಿಡಿಸಿಕೊಂಡು ಮೈದಾನಕ್ಕೆ ಓಡಿ ಬಂದ. ಎಡಗೈ ಜೋತುಬಿದ್ದಿದೆ, ಬಲಗೈಯಲ್ಲಿ ಬ್ರ್ಯಾಂಡನ್ ಪೆಟಿಗ್ರೂಗೆ ಎಸೆದ. ಟಚ್‌ಡೌನ್. 38-37.

ಅದು ಅವನ ಮೊದಲ ವರ್ಷ. ಎರಡು ಪಂದ್ಯ ಗೆದ್ದ ಸೀಸನ್ ಅದು, ಆ ಗೆಲುವಿನಿಂದ ತಂಡಕ್ಕೆ ಏನೂ ಸಿಗುತ್ತಿರಲಿಲ್ಲ. ಆದರೂ ಬಂದ. ನಾವು ಆಗ ಹೊಸದಾಗಿ ಈ ಊರಿಗೆ ಬಂದಿದ್ದೆವು, ಈ ಆಟದ ನಿಯಮ ಅರ್ಧ ಗೊತ್ತಿರಲಿಲ್ಲ. ನನ್ನ ಗಂಡ, ನಾನು ಇಬ್ಬರೂ ಲಯನ್ಸ್ ಕಡೆ ವಾಲಿದ್ದು ಅವತ್ತೇ. ಅವನು ಈ ಊರಿಗೆ ಏನೂ ಬಾಕಿ ಉಳಿಸಿಕೊಂಡಿಲ್ಲ.

ಟ್ರಾಯ್_ತೀರ್ಥಹಳ್ಳಿ | 24 ಜನವರಿ 2021

ಅಕ್ಕ, ಆ ಪಂದ್ಯದ ಬಗ್ಗೆ ಎರಡು ಮಾತಿಲ್ಲ. ಡಲ್ಲಾಸ್ ಪ್ಲೇಆಫ್ ಪಂದ್ಯದಲ್ಲಿ ನಮಗೆ ಅನ್ಯಾಯ ಆಗಿದ್ದೂ ಗೊತ್ತು, ರೆಫರಿಗಳು ಫೌಲ್ ಅಂತ ಬಾವುಟ ಎಸೆದು, ಮೈಕಿನಲ್ಲಿ ಹೇಳಿ, ಆಮೇಲೆ ಎತ್ತಿಕೊಂಡರಲ್ಲ, ಅದು ಇವತ್ತಿಗೂ ಹೊಟ್ಟೆ ಉರಿಸುತ್ತದೆ. ನಾನು ಕೇಳುತ್ತಿರುವುದು ಬೇರೆ. ಹೊಸ ಕೋಚ್ ಬಂದ ವಾರವೇ ಹಿರಿಯ ಹೊರಟರೆ, ಉಳಿದ ಹುಡುಗರು ಯಾರ ಮುಖ ನೋಡಬೇಕು?

ಬಸವನಗುಡಿ_ಬ್ಯಾಟ್ಸ್‌ಮನ್ | 25 ಜನವರಿ 2021

ಬೆಂಗಳೂರಿನಿಂದ ಓದುತ್ತಿದ್ದೇನೆ. ನನ್ನ ತಮ್ಮ ಆನ್ ಆರ್ಬರ್‌ನಲ್ಲಿ ಓದುತ್ತಾನೆ, ಅವನಿಂದ ಈ ಹುಚ್ಚು ಹತ್ತಿತು. ಒಂದು ವಿಷಯ ಬಿಡಿಸಿ ಹೇಳಿ. ಟ್ರೇಡ್ ಅಂದರೆ ದುಡ್ಡು ಕೊಟ್ಟು ಕೊಳ್ಳುವುದಾ? ಮತ್ತೆ ನೇರವಾಗಿ ಕೇಳುತ್ತೇನೆ. ಆರ್‌ಸಿಬಿ ಮೂರು ಫೈನಲ್ ಸೋತಿದೆ, ಕಪ್ ಇಲ್ಲ. ಕೊಹ್ಲಿ ನಾಳೆ ಮುಂಬೈಗೆ ಹೋಗುತ್ತೇನೆ ಅಂದರೆ ನೀವೆಲ್ಲ ಇಷ್ಟೇ ಸಮಾಧಾನವಾಗಿ ಒಪ್ಪುತ್ತೀರಾ?

ನೋವಿ_ಹಾಸನ | 25 ಜನವರಿ 2021

ಇಲ್ಲಿ ಸಾಮಾನ್ಯವಾಗಿ ದುಡ್ಡಿಗೆ ಆಟಗಾರರನ್ನು ಮಾರುವುದಿಲ್ಲ. ಆಟಗಾರನಿಗೆ ಆಟಗಾರ, ಇಲ್ಲವೇ ಮುಂದಿನ ವರ್ಷಗಳ ಡ್ರಾಫ್ಟ್ ಆಯ್ಕೆ. ಡ್ರಾಫ್ಟ್ ಅಂದರೆ ಕಾಲೇಜಿನ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವುದು. ಕಳೆದ ವರ್ಷ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ. ಹಾಗಾಗಿ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಕೊಟ್ಟರೆ ಮೊದಲ ಸುತ್ತಿನ ಆಯ್ಕೆ ಸಿಗುತ್ತದೆ, ಅದರಲ್ಲಿ ಹೊಸ ತಂಡ ಕಟ್ಟಬಹುದು.

ಕೊಹ್ಲಿ ವಿಷಯಕ್ಕೆ ಬಂದರೆ, ಒಪ್ಪುತ್ತಿರಲಿಲ್ಲ, ನಿಜ. ಆದರೆ ದ್ರಾವಿಡ್‌ನನ್ನು 2011ರಲ್ಲಿ ಆರ್‌ಸಿಬಿ ಉಳಿಸಿಕೊಳ್ಳಲಿಲ್ಲ ಅಲ್ವಾ? ರಾಜಸ್ಥಾನಕ್ಕೆ ಹೋದರು. ನಮ್ಮ ಊರಿನ ಹುಡುಗ, ನಮ್ಮ ಚಿನ್ನಸ್ವಾಮಿಯಲ್ಲಿ ಬೆಳೆದವರು. ಅವತ್ತು ತಂಡಕ್ಕೆ ನಿಯತ್ತಿನ ಪ್ರಶ್ನೆ ಯಾರೂ ಕೇಳಲಿಲ್ಲ. ನಿಯತ್ತು ಅನ್ನುವುದನ್ನು ಯಾವಾಗಲೂ ಆಟಗಾರನಿಂದ ಮಾತ್ರ ಕೇಳುತ್ತೇವೆ.

ಮ್ಯಾಡಿಸನ್_ಮಂಡ್ಯ | 25 ಜನವರಿ 2021

ವಿಸ್ಕಾನ್ಸಿನ್‌ನಿಂದ ಒಂದು ಮಾತು. ನಿನ್ನೆ ಲ್ಯಾಂಬೋ ಮೈದಾನದಲ್ಲಿ ನಮ್ಮ ಪ್ಯಾಕರ್ಸ್ ಟ್ಯಾಂಪಾ ಬೇ ಎದುರು 26-31 ಸೋತಿತು. ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿಲ್ಲ. ಪಂದ್ಯ ಮುಗಿದ ಮೇಲೆ ನಮ್ಮ ಕ್ವಾರ್ಟರ್‌ಬ್ಯಾಕ್ ಆರನ್ ರಾಡ್ಜರ್ಸ್ ತನ್ನ ಮುಂದಿನ ದಾರಿಯೂ ಖಚಿತವಿಲ್ಲ ಅನ್ನುವ ಹಾಗೆ ಮಾತಾಡಿದ. ಕಳೆದ ವರ್ಷ ಅವನಿಗೆ ಹೇಳದೆ ಕೇಳದೆ ಜೋರ್ಡನ್ ಲವ್ ಅನ್ನುವ ಕ್ವಾರ್ಟರ್‌ಬ್ಯಾಕನ್ನು ಮೊದಲ ಸುತ್ತಿನಲ್ಲಿ ತಂದರು. ಆ ಗಾಯ ಇನ್ನೂ ಮಾಗಿಲ್ಲ. ನಮ್ಮನ್ನು ಸೋಲಿಸಿದವನು ಯಾರು? ಟಾಮ್ ಬ್ರೇಡಿ. ಇಪ್ಪತ್ತು ಸೀಸನ್ ನ್ಯೂ ಇಂಗ್ಲೆಂಡ್‌ನಲ್ಲಿ ಆಡಿ, 42ರಲ್ಲಿ ತಂಡ ಬಿಟ್ಟು ಹೋದವನು.

ಹೋಗುವುದು ತಪ್ಪಲ್ಲ ಸರ್. ಹೇಗೆ ಹೋಗುತ್ತಾರೆ ಅನ್ನುವುದು ಮುಖ್ಯ. ನಮ್ಮ ಹಳೇ ಕ್ವಾರ್ಟರ್‌ಬ್ಯಾಕ್ ಬ್ರೆಟ್ ಫಾರ್ವ್ 2008ರ ಮಾರ್ಚ್‌ನಲ್ಲಿ ಕಣ್ಣೀರು ಹಾಕಿ ನಿವೃತ್ತಿ ಹೇಳಿದ. ಬೇಸಿಗೆಗೆ ಮನಸ್ಸು ಬದಲಾಯಿಸಿದ. ಅಷ್ಟರಲ್ಲಿ ತಂಡ ರಾಡ್ಜರ್ಸ್ ಕೈಗೆ ಹೋಗಿತ್ತು. ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡಕ್ಕೆ ಕಳಿಸಿದರು, ಮರುವರ್ಷ ಅವನು ನಮ್ಮ ಕಡು ಎದುರಾಳಿ ವೈಕಿಂಗ್ಸ್ ಸೇರಿದ. 16 ವರ್ಷ ಆರಾಧಿಸಿದ ಜನ ಲ್ಯಾಂಬೋದಲ್ಲಿ ಅವನಿಗೇ ಕೂಗಿ ಅವಮಾನ ಮಾಡಿದರು. ಅವನ 4ನೇ ನಂಬರ್ ಜೆರ್ಸಿಗೆ ಗೌರವ ಸಿಗಲು 2015ರವರೆಗೆ ಕಾಯಬೇಕಾಯಿತು. ಸ್ಟಾಫರ್ಡ್ ನೋಡಿ, ಟಿವಿಯಲ್ಲಿ ಜಗಳ ಇಲ್ಲ, ಯಾರ ಮೇಲೂ ದೂರಿಲ್ಲ. ಕೂತು ಮಾತಾಡಿ ಒಪ್ಪಿಕೊಂಡಿದ್ದಾರೆ. ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು ಆಗುತ್ತಿದೆ.

ಕ್ಯಾಂಟನ್_ಅಕ್ಕ | 25 ಜನವರಿ 2021

ಮಂಡ್ಯದವರು ಸರಿಯಾಗಿ ಹೇಳಿದರು. ಇಲ್ಲಿ ಇನ್ನೂ ಒಂದು ಹಳೇ ನೋವಿದೆ. ಬ್ಯಾರಿ ಸ್ಯಾಂಡರ್ಸ್ 1999ರಲ್ಲಿ, ಲೀಗಿನ ಓಟದ ದಾಖಲೆಗೆ ಬರೀ 1,457 ಗಜ ಬಾಕಿ ಇದ್ದಾಗ, ತನ್ನ ಹುಟ್ಟೂರಿನ ಪತ್ರಿಕೆಗೆ ಒಂದು ಫ್ಯಾಕ್ಸ್ ಕಳಿಸಿ ಆಟವನ್ನೇ ಬಿಟ್ಟರು. ಕ್ಯಾಲ್ವಿನ್ ಜಾನ್ಸನ್ 2016ರಲ್ಲಿ 30ರ ವಯಸ್ಸಿಗೆ ನಿಲ್ಲಿಸಿದರು, ತಂಡ ಅವರಿಂದ ಬೋನಸ್ ದುಡ್ಡಿನ ಒಂದು ಭಾಗ ವಾಪಸ್ ವಸೂಲಿ ಮಾಡಿತು. ಆ ಬೇಜಾರು ಇವತ್ತಿಗೂ ಇದೆ. ಈ ಊರಿನ ಇಬ್ಬರು ದೊಡ್ಡ ಆಟಗಾರರಿಗೆ ಲಯನ್ಸ್‌ನಲ್ಲಿ ಆಡುವುದಕ್ಕಿಂತ ಮನೆಯಲ್ಲಿ ಕೂರುವುದು ಮೇಲು ಅನ್ನಿಸಿತು. ಮೂರನೆಯವನು ಬೇರೆ ಕಡೆ ಹೋಗಿ ಆಡುತ್ತಾನೆ ಅಂದರೆ ಖುಷಿಯಿಂದ ಕಳಿಸಿಕೊಡೋಣ.

ಟ್ರಾಯ್_ತೀರ್ಥಹಳ್ಳಿ | 31 ಜನವರಿ 2021

ಆಯಿತು, ಮುಗಿಯಿತು. ಲಾಸ್ ಏಂಜಲಿಸ್ ರಾಮ್ಸ್. ನಮಗೆ ಅವರ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್, 2022 ಮತ್ತು 2023ರ ಮೊದಲ ಸುತ್ತಿನ ಆಯ್ಕೆ, ಈ ವರ್ಷದ ಮೂರನೇ ಸುತ್ತಿನದೊಂದು. ಬೆಲೆ ಚೆನ್ನಾಗಿ ಬಂದಿದೆ, ಅದರಲ್ಲಿ ತಕರಾರಿಲ್ಲ. ಆದರೆ ಗಾಫ್ ಕೈಯಲ್ಲಿ ಏನಾಗುತ್ತದೆ? ಸೂಪರ್ ಬೌಲ್‌ನಲ್ಲಿ (ಲೀಗಿನ ಫೈನಲ್) ಅವನ ತಂಡ ಗಳಿಸಿದ್ದು ಒಟ್ಟು 3 ಪಾಯಿಂಟ್. ರಾಮ್ಸ್‌ಗೇ ಬೇಡವಾದವನು.

ಕ್ಯಾಂಟನ್_ಅಕ್ಕ | 31 ಜನವರಿ 2021

ಎಲ್ಲರೂ ಸ್ಟಾಫರ್ಡ್ ಹೋದ ಬಗ್ಗೆಯೇ ಬರೆಯುತ್ತಿದ್ದೀರಿ. ಆ ಗಾಫ್ ಹುಡುಗನ ಬಗ್ಗೆ ಒಬ್ಬರಾದರೂ ಯೋಚಿಸಿದ್ದೀರಾ? 26 ವಯಸ್ಸು. 2016ರಲ್ಲಿ ಅವನೂ ಮೊದಲ ಆಯ್ಕೆಯಾಗಿ ಬಂದವನೇ. ತಂಡವನ್ನು ಸೂಪರ್ ಬೌಲ್‌ವರೆಗೆ ಕರೆದುಕೊಂಡು ಹೋದ. ಎರಡು ವರ್ಷ ಕಳೆದಿಲ್ಲ, ಇಗೋ ನಿನ್ನನ್ನು ಡೆಟ್ರಾಯಿಟ್‌ಗೆ ಕಳಿಸುತ್ತಿದ್ದೇವೆ, ಜೊತೆಗೆ ಎರಡು ಆಯ್ಕೆ ಸೇರಿಸಿ ಕೊಟ್ಟಿದ್ದೇವೆ ಅಂದರೆ ಹೇಗಾಗಬೇಡ? ಸ್ಟಾಫರ್ಡ್‌ನನ್ನು ಕೇಳಿ ಕಳಿಸಿದರು. ಇವನನ್ನು ಯಾರೂ ಕೇಳಲಿಲ್ಲ. ನಾನಂತೂ ಇವನ ಪರ.

ನೋವಿ_ಹಾಸನ | 31 ಜನವರಿ 2021

ಅಕ್ಕ, ಇದು ನನ್ನ ತಲೆಗೇ ಬಂದಿರಲಿಲ್ಲ. ಬ್ರ್ಯಾಡ್ ಹೋಮ್ಸ್ ರಾಮ್ಸ್‌ನಲ್ಲಿ ಕಾಲೇಜು ಆಟಗಾರರನ್ನು ಹುಡುಕುವ ವಿಭಾಗದ ಮುಖ್ಯಸ್ಥರಾಗಿದ್ದರು. ಗಾಫ್‌ನನ್ನು ಆರಿಸುವಾಗ ಅವರೂ ಇದ್ದರು. ಅವರಿಗೆ ಈ ಹುಡುಗನಲ್ಲಿ ಏನೋ ಕಂಡಿರಬೇಕು.

ಇರ್ವೈನ್_ಕನ್ನಡತಿ | 14 ಫೆಬ್ರವರಿ 2022

ಹಳೇ ಎಳೆ ಮೇಲಕ್ಕೆ ತರುತ್ತಿದ್ದೇನೆ, ಕ್ಷಮಿಸಿ. ನಿನ್ನೆ ನಮ್ಮ ಸೋಫೈ ಸ್ಟೇಡಿಯಂನಲ್ಲಿ ರಾಮ್ಸ್ 23, ಬೆಂಗಾಲ್ಸ್ 20. ಡೆಟ್ರಾಯಿಟ್‌ನಿಂದ ಬಂದ ಮೊದಲ ಸೀಸನ್ನಿನಲ್ಲೇ ಸ್ಟಾಫರ್ಡ್‌ಗೆ ಸೂಪರ್ ಬೌಲ್!

ಕೊನೆಯ ಆ ದಾಳಿ ನೋಡಿದಿರಾ? ನಾಲ್ಕು ಪಾಯಿಂಟ್ ಹಿಂದೆ, ಆರು ನಿಮಿಷ ಚಿಲ್ಲರೆ ಬಾಕಿ, 79 ಗಜ ಹೋಗಬೇಕು. ಒಬ್ಬ ಮುಖ್ಯ ರಿಸೀವರ್ (ಪಾಸ್ ಹಿಡಿಯುವವನು) ಓಡೆಲ್ ಬೆಕ್‌ಹ್ಯಾಮ್ ಮಂಡಿ ಪೆಟ್ಟಾಗಿ ಹೊರಗೆ. ಮತ್ತೆ ಮತ್ತೆ ಕೂಪರ್ ಕಪ್‌ಗೇ ಎಸೆದ. ಒಂದು ಪಾಸ್‌ನಲ್ಲಿ ಮುಖ ಒಂದು ಕಡೆ, ಚೆಂಡು ಇನ್ನೊಂದು ಕಡೆ. ಡಿಫೆಂಡರ್ ಅವನ ಕಣ್ಣು ನೋಡಿ ಹೆಜ್ಜೆ ಸರಿಸಿದ, ಚೆಂಡು ಅವನು ಬಿಟ್ಟ ಜಾಗದಲ್ಲೇ ಕಪ್ ಕೈಗೆ ಹೋಯಿತು. 1 ನಿಮಿಷ 25 ಸೆಕೆಂಡ್ ಇರುವಾಗ ಟಚ್‌ಡೌನ್. ನಿಮ್ಮ ಊರಿನವರು ಹನ್ನೆರಡು ವರ್ಷ ನೋಡಿದ್ದನ್ನು ಬೇರೆಯವರು ನಿನ್ನೆ ನೋಡಿದರು.

ಟ್ರಾಯ್_ತೀರ್ಥಹಳ್ಳಿ | 14 ಫೆಬ್ರವರಿ 2022

ನೋಡಿದೆ ಮೇಡಂ. ನನ್ನ ಆಫೀಸಿನಲ್ಲಿ ಅರ್ಧ ಜನ ನಿನ್ನೆ ರಾಮ್ಸ್ ಪರ. 'ಡೆಟ್ರಾಯಿಟ್ ರಾಮ್ಸ್' ಅಂತ ಬರೆದ ಟೀ ಶರ್ಟ್‌ಗಳೇ ಬಂದಿವೆ. ಕೂಪರ್ ಕಪ್ ಆ ಚೆಂಡು ಹಿಡಿದಾಗ ನಾನೂ ಎದ್ದು ನಿಂತೆ. ಆದರೆ ಕೆಲವು ಲೆಕ್ಕ ಹೇಳಲೇಬೇಕು. ನಾವು ಈ ಸೀಸನ್ 3 ಗೆಲುವು, 13 ಸೋಲು, 1 ಡ್ರಾ. ಮೊದಲ ಗೆಲುವು ಕಾಣಲು ಡಿಸೆಂಬರ್ 5 ಬರಬೇಕಾಯಿತು. ಇನ್ನು ರಾಮ್ಸ್ ಚಾಂಪಿಯನ್ ಆದ್ದರಿಂದ ಅವರು ನಮಗೆ ಕೊಟ್ಟ ಮೊದಲ ಸುತ್ತಿನ ಆಯ್ಕೆ ಸುತ್ತಿನ ಕೊನೆಗೆ, 32ನೇ ಸ್ಥಾನಕ್ಕೆ ಇಳಿಯಿತು. ಅವನು ಗೆದ್ದಷ್ಟೂ ನಮಗೆ ಸಿಗುವುದು ಕಡಿಮೆ.

ಮ್ಯಾಡಿಸನ್_ಮಂಡ್ಯ | 15 ಫೆಬ್ರವರಿ 2022

ಡಿಸೆಂಬರ್ 5ರ ಆ ಪಂದ್ಯವನ್ನು ಅಷ್ಟು ಸುಲಭವಾಗಿ ದಾಟಿ ಹೋಗಬೇಡಿ ಸರ್. ವೈಕಿಂಗ್ಸ್ ಎದುರು ಗಡಿಯಾರ ಮುಗಿಯುವ ಆಟದಲ್ಲಿ ಗಾಫ್ ಎಸೆದ, ಆಮನ್-ರಾ ಸೇಂಟ್ ಬ್ರೌನ್ ಹಿಡಿದ, 29-27. ಆ ಸೇಂಟ್ ಬ್ರೌನ್ ಡ್ರಾಫ್ಟ್‌ನ ನಾಲ್ಕನೇ ಸುತ್ತಿನಲ್ಲಿ ಸಿಕ್ಕವನು. ಒಂದೇ ಡಿವಿಷನ್‌ನ (ಲೀಗಿನೊಳಗಿನ ಗುಂಪು) ಎದುರಾಳಿ ತಂಡದ ಕಡೆ ಕೂತು ನೋಡುವವನು ನಾನು, ನಿಮ್ಮ ತಂಡದಲ್ಲಿ ಏನೋ ಚಿಗುರುತ್ತಿದೆ.

ಕ್ಯಾಂಟನ್_ಅಕ್ಕ | 15 ಜನವರಿ 2024

ನಿನ್ನೆ ರಾತ್ರಿ ನಾವು ಫೋರ್ಡ್ ಫೀಲ್ಡ್‌ನಲ್ಲಿದ್ದೆವು. ಗಂಟಲು ಪೂರ್ತಿ ಹೋಗಿದೆ. ಲಯನ್ಸ್ 24, ರಾಮ್ಸ್ 23. 32 ವರ್ಷದ ಮೇಲೆ ಒಂದು ಪ್ಲೇಆಫ್ ಗೆಲುವು. ಅದೂ ಸ್ಟಾಫರ್ಡ್ ಎದುರು, ಗಾಫ್ ಕೈಯಿಂದ.

ಆದರೆ ಒಂದು ವಿಷಯ ನನ್ನನ್ನು ಬಿಡುತ್ತಿಲ್ಲ. ಸ್ಟಾಫರ್ಡ್ ಮೈದಾನಕ್ಕೆ ಬಂದಾಗ ಇಡೀ ಸ್ಟೇಡಿಯಂ 'ಬೂ' ಅಂತ ಕೂಗಿತು. ನನ್ನ ಪಕ್ಕದ ಸೀಟಿನವರು ಅವನ ಹಳೇ 9ನೇ ನಂಬರ್ ಜೆರ್ಸಿ ಹಾಕಿಕೊಂಡೇ ಕೂಗುತ್ತಿದ್ದರು. ನನ್ನ ಮಗಳು ನನ್ನ ಮುಖ ನೋಡಿದಳು. ಭುಜ ಜಾಗ ತಪ್ಪಿದರೂ ಆಡಿದವನ ಕಥೆ ಕೇಳಿಯೇ ಬೆಳೆದವಳು ಅವಳು. ನಾನು ಕೂಗಲಿಲ್ಲ. ಅವನಿಗೆ ಒಂದು ಚಪ್ಪಾಳೆ ಸಲ್ಲಬೇಕಿತ್ತು ಅಂತ ಇವತ್ತಿಗೂ ಅನ್ನಿಸುತ್ತಿದೆ.

ಟ್ರಾಯ್_ತೀರ್ಥಹಳ್ಳಿ | 15 ಜನವರಿ 2024

ಅಕ್ಕ, ನಾನು ಟಿವಿ ಮುಂದೆ ಕೂಗಿದೆ. ಯಾಕೆ ಅಂತ ಹೇಳುತ್ತೇನೆ. ಆ ಕೂಗು ಸ್ಟಾಫರ್ಡ್ ಮೇಲಿನ ಸಿಟ್ಟಿನದಲ್ಲ, ಗಾಫ್‌ಗೆ ಸೇರಿದ್ದು. ಮೂರು ವರ್ಷದ ಹಿಂದೆ ನೀವೊಬ್ಬರೇ ಆ ಹುಡುಗನ ಪರ ಬರೆದಿರಿ. ನಿನ್ನೆ 65 ಸಾವಿರ ಜನ 'ಜ್ಯಾರೆಡ್ ಗಾಫ್, ಜ್ಯಾರೆಡ್ ಗಾಫ್' ಅಂತ ಕೂಗಿದರು. ಬೇಡ ಅಂತ ಕಳಿಸಿದ ಹಳೇ ತಂಡ ಎದುರಿಗೆ ನಿಂತಿತ್ತು. ಅವನಿಗೆ ಮನೆಯವರ ಬೆಂಬಲ ಪೂರ್ತಿ ಸಿಗಬೇಕಿತ್ತು. ಅರ್ಧ ಚಪ್ಪಾಳೆ ಆ ಕಡೆ, ಅರ್ಧ ಈ ಕಡೆ ಅಂದರೆ ಪ್ಲೇಆಫ್ ಪಂದ್ಯದಲ್ಲಿ ನಡೆಯುವುದಿಲ್ಲ.

ಲೆಕ್ಕವೂ ನೋಡಿ. ನಿನ್ನೆಯ ನಮ್ಮ ಮೂರು ಟಚ್‌ಡೌನ್‌ನಲ್ಲಿ ಒಂದು ಜಾಮೀರ್ ಗಿಬ್ಸ್‌ದು, ಒಂದು ಸ್ಯಾಮ್ ಲಾಪೋರ್ಟಾದು. ರಾಮ್ಸ್ 2022ರಲ್ಲಿ 5 ಗೆದ್ದು 12 ಸೋತು ಕೂತಿತು, ಹಾಗಾಗಿ ನಮಗೆ ಬಂದ ಅವರ ಎರಡನೇ ಆಯ್ಕೆ 6ನೇ ಸ್ಥಾನದ್ದಾಯಿತು. ಹೋಮ್ಸ್ ಅದನ್ನು ಅರಿಜೋನಾ ತಂಡಕ್ಕೆ ಕೊಟ್ಟು 12 ಮತ್ತು 34ನೇ ಆಯ್ಕೆ ತೆಗೆದುಕೊಂಡರು. 12ರಲ್ಲಿ ಗಿಬ್ಸ್, 34ರಲ್ಲಿ ಲಾಪೋರ್ಟಾ. ಆ 32ನೇ ಆಯ್ಕೆಯೂ ಜೇಮ್ಸನ್ ವಿಲಿಯಮ್ಸ್‌ನನ್ನು ತರಲು ಕೆಲಸಕ್ಕೆ ಬಂತು. ಸ್ಟಾಫರ್ಡ್ ಉಳಿದಿದ್ದರೆ ಇವರು ಯಾರೂ ಇಲ್ಲಿ ಇರುತ್ತಿರಲಿಲ್ಲ.

ಇರ್ವೈನ್_ಕನ್ನಡತಿ | 15 ಜನವರಿ 2024

ನನಗೆ ನಿನ್ನೆ ನಿದ್ದೆ ಬರಲಿಲ್ಲ. ಸ್ಟಾಫರ್ಡ್ 367 ಗಜ ಎಸೆದ, ಎರಡು ಟಚ್‌ಡೌನ್, ರಿಸೀವರ್ ಪೂಕಾ ನಕೂವ ಒಬ್ಬನೇ 181 ಗಜ. ಪೆಟ್ಟು ತಿಂದು ಎದ್ದು ಮತ್ತೆ ಮತ್ತೆ ಬಂದ. ಆದರೂ ಹತ್ತಿರ ಹೋಗಿ ಬರೀ ಫೀಲ್ಡ್ ಗೋಲ್‌ಗಳಿಗೇ (ಚೆಂಡು ಒದ್ದು ಗಳಿಸುವ 3 ಪಾಯಿಂಟ್) ತೃಪ್ತಿ ಪಡಬೇಕಾಯಿತು. ಸೋತಿದ್ದಕ್ಕೆ ಬೇಜಾರಿಲ್ಲ. ಅವನ ಹೆಂಡತಿ ಕೆಲ್ಲಿ 2019ರಲ್ಲಿ ಮಿದುಳಿನ ಗೆಡ್ಡೆಗೆ ಆಪರೇಷನ್ ಮಾಡಿಸಿಕೊಂಡಿದ್ದು ಆ ಊರಿನಲ್ಲಿದ್ದಾಗ. ಮಕ್ಕಳು ಹುಟ್ಟಿದ್ದು ಅವನು ಲಯನ್ಸ್‌ನಲ್ಲಿದ್ದಾಗ. ಅದು ಅವರಿಗೂ ಮನೆಯೇ. ಪಂದ್ಯ ಶುರುವಾಗುವ ಮೊದಲು ಒಂದು ನಿಮಿಷ ಸುಮ್ನೆ ಚಪ್ಪಾಳೆ ತಟ್ಟಿ, ಆಮೇಲೆ ಎಷ್ಟು ಬೇಕಾದರೂ ಕೂಗಬಹುದಿತ್ತು.

ನೋವಿ_ಹಾಸನ | 16 ಜನವರಿ 2024

ಮೇಡಂ ಹೇಳಿದ್ದೇ ಸರಿ ಅಂತ ನನಗೂ ಅನ್ನಿಸುತ್ತದೆ. ಎರಡಕ್ಕೂ ಜಾಗವಿತ್ತು.

ಬ್ರೇಡಿ, ಸ್ಟಾಫರ್ಡ್ ನೋಡಿ ಎಲ್ಲ ಹಿರಿಯರೂ ಹೋಗಬೇಕು ಅಂತ ಯಾರೂ ತೀರ್ಮಾನ ಮಾಡಬೇಡಿ. ರಾಡ್ಜರ್ಸ್ 2021ರ ಬೇಸಿಗೆಯಿಂದ ಎರಡು ವರ್ಷ ಹೋಗುತ್ತೇನೆ, ಇರುತ್ತೇನೆ ಅಂತ ಎಳೆದ. ಮಧ್ಯೆ ದೊಡ್ಡ ಹೊಸ ಒಪ್ಪಂದ ಬೇರೆ. ಕೊನೆಗೆ 2023ರಲ್ಲಿ ಜೆಟ್ಸ್‌ಗೆ ಹೋದ, ಮೊದಲ ಪಂದ್ಯದ ನಾಲ್ಕನೇ ಆಟದಲ್ಲಿ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡ. ಅದು ದುರದೃಷ್ಟ, ಅದಕ್ಕೆ ಅವನನ್ನು ದೂರುವುದು ತಪ್ಪು. ಆದರೆ ಆ ಎಳೆದಾಟದಲ್ಲಿ ಹೋದ ಕಾಲ ಯಾರಿಗೂ ವಾಪಸ್ ಬರಲಿಲ್ಲ. ಸ್ಟಾಫರ್ಡ್ ಮತ್ತು ಲಯನ್ಸ್ ಒಂದು ತಿಂಗಳೊಳಗೆ ಕೆಲಸ ಮುಗಿಸಿದರು. ಮಾಲೀಕರಾದ ಶೀಲಾ ಫೋರ್ಡ್ ಹ್ಯಾಂಪ್ ಅವರಿಗೂ ಇದರಲ್ಲಿ ಪಾಲಿದೆ. ಕೇಳಿದ ತಕ್ಷಣ ಬಾಗಿಲು ಹಾಕಲಿಲ್ಲ. ಬ್ಯಾರಿ ಕಾಲದಲ್ಲಿ ಈ ಬುದ್ಧಿ ಇದ್ದಿದ್ದರೆ!

ಬಸವನಗುಡಿ_ಬ್ಯಾಟ್ಸ್‌ಮನ್ | 3 ಜೂನ್ 2025

ಈ ಸಲ ಕಪ್ ನಮ್ದು! ನಿಜವಾಗಲೂ ನಮ್ದು! ಅಹಮದಾಬಾದ್‌ನಲ್ಲಿ ಪಂಜಾಬ್ ಎದುರು 6 ರನ್‌ನಿಂದ ಗೆದ್ದೆವು. ಬೀದಿಯಲ್ಲಿ ಪಟಾಕಿ ನಿಂತಿಲ್ಲ, ಟೈಪ್ ಮಾಡುವ ಕೈ ನಡುಗುತ್ತಿದೆ. 18 ಸೀಸನ್, ಒಂದೇ ತಂಡ. ಕೊನೆಯ ಓವರ್‌ನಲ್ಲೇ ಕೊಹ್ಲಿ ಕಣ್ಣಲ್ಲಿ ನೀರು. ನೋವಿ ಅಣ್ಣ, ನೀವು ಅವತ್ತು ಸ್ಟಾಫರ್ಡ್ ಹೋಗಬೇಕು ಅಂದಿರಿ. ಉಳಿದವನಿಗೂ ಸಿಕ್ಕಿತಲ್ಲ! ಈಗ ಏನು ಹೇಳುತ್ತೀರಿ?

ನೋವಿ_ಹಾಸನ | 3 ಜೂನ್ 2025

ಮೊದಲು ನಿನಗೆ ಅಭಿನಂದನೆ ಕಣಪ್ಪ. ಇಲ್ಲಿ ಮಧ್ಯಾಹ್ನ, ಆಫೀಸಿನ ಮೀಟಿಂಗ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ನಾಲ್ಕು ಜನ ಕನ್ನಡಿಗರು ನೋಡಿದೆವು. ಅತ್ತಿದ್ದೇವೆ.

ಈಗಲೂ ಅದೇ ಹೇಳುತ್ತೇನೆ. ಕೊಹ್ಲಿ ಉಳಿದ, ಆದರೆ ಎಲ್ಲ ಭಾರ ಹೊತ್ತು ಉಳಿಯಲಿಲ್ಲ. 2021ರಲ್ಲಿ ನಾಯಕತ್ವ ಬಿಟ್ಟ, ಈ ಸಲ ನಾಯಕ ರಜತ್ ಪಾಟೀದಾರ್. ಬೌಲಿಂಗ್ ಹೊಸದಾಗಿ ಕಟ್ಟಿದರು. ಕ್ರಿಕೆಟ್‌ನಲ್ಲಿ ಹಿರಿಯ ಒಂದು ಕಡೆ ಸರಿದು ನಿಂತರೆ ಪಕ್ಕದಲ್ಲಿ ಹೊಸ ತಂಡ ಬೆಳೆಯಬಹುದು. ಕ್ವಾರ್ಟರ್‌ಬ್ಯಾಕ್‌ಗೆ ಆ ಅವಕಾಶವಿಲ್ಲ. ಪ್ರತಿ ಆಟದಲ್ಲೂ ಚೆಂಡು ಒಬ್ಬನ ಕೈಗೇ ಬರುತ್ತದೆ, ಸಂಬಳ ಮಿತಿಯ ದೊಡ್ಡ ಪಾಲು ಅವನಿಗೇ ಹೋಗುತ್ತದೆ. ಅವನು ಇದ್ದರೆ ತಂಡ ಅವನ ವಯಸ್ಸಿಗೆ ತಕ್ಕ ಹಾಗೆ ಅವಸರ ಮಾಡಬೇಕು.

ಈ ಫೆಬ್ರವರಿಯಲ್ಲಿ ಸ್ಟಾಫರ್ಡ್‌ಗೆ ಅದೇ ಪ್ರಶ್ನೆ ಮತ್ತೆ ಬಂತು. 37 ವಯಸ್ಸು, ರಾಮ್ಸ್ ಜೊತೆ ಸಂಬಳದ ಮಾತು ಕೂಡಲಿಲ್ಲ, ಬೇರೆ ತಂಡಗಳ ಜೊತೆ ಮಾತಾಡಲು ಅನುಮತಿಯೂ ಸಿಕ್ಕಿತು. ಮಾತಾಡಿದ. ಕೊನೆಗೆ ರಾಮ್ಸ್‌ನಲ್ಲೇ ಉಳಿದ. ಅಲ್ಲಿ ತಂಡ ಈಗಲೇ ಗೆಲ್ಲಲು ಸಿದ್ಧವಾಗಿದೆ, ಹಾಗಾಗಿ ಉಳಿದಿದ್ದು ಸರಿ ಅಂತ ನನಗೆ ಅನ್ನಿಸುತ್ತದೆ. 2021ರಲ್ಲಿ ನಮ್ಮ ತಂಡ ಹಾಗಿರಲಿಲ್ಲ.

ಕ್ಯಾಂಟನ್_ಅಕ್ಕ | 3 ಜೂನ್ 2025

ಬಸವನಗುಡಿಯವರೇ, ತುಂಬಾ ಖುಷಿಯಾಯಿತು. ನಮ್ಮ ಮನೆಯಲ್ಲೂ ಪಾಯಸ ಆಗುತ್ತಿದೆ.

ನೋವಿಯವರೇ, ಕಳೆದ ಸೀಸನ್ 15 ಗೆದ್ದು 2 ಸೋತು, ಪ್ಲೇಆಫ್‌ನಲ್ಲಿ ವಾಷಿಂಗ್ಟನ್ ಎದುರು 31-45 ಸೋತ ಮೇಲೆ ನಾನು ಲಯನ್ಸ್ ಸುದ್ದಿ ಓದುವುದನ್ನೇ ಬಿಟ್ಟಿದ್ದೆ. ಆಫೆನ್ಸ್ (ನಮ್ಮ ದಾಳಿಯ ಆಟ) ನಡೆಸುತ್ತಿದ್ದ ಬೆನ್ ಜಾನ್ಸನ್ ಶಿಕಾಗೋಗೆ ಹೆಡ್ ಕೋಚ್ ಆಗಿ ಹೋದರಲ್ಲ, ಗಾಫ್‌ಗೆ ಈಗ ಆಟ ಹೇಳಿಕೊಡುವವರು ಯಾರು? ನನಗೆ ಅದರದ್ದೇ ಚಿಂತೆ.